ರಾಮಕ್ಕ ಹಾಡದ ಹೆಸರು

ರಾಮಕ್ಕ ನನಗೆ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ. ತಮಿಳುನಾಡಿನ ಎಡಪ್ಪಾಡಿಯ ನಮ್ಮ ಬೀದಿಗೆಲ್ಲ ಅವಳು ಬರೀ ರಾಮಕ್ಕ. ಬೀದಿಯ ಎರಡೂ ಬದಿಗೆ ಮಗ್ಗದ ಮನೆಗಳು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅವಳ ಬಾಯಿಗೆ ಹೆದರದ ಗಂಡಸು ಆ ಬೀದಿಯಲ್ಲಿ ಇರಲಿಲ್ಲ. ಆ ಬಾಯಿಗೆ ಒಮ್ಮೆಯಾದರೂ ಬೀಳಬೇಕು ಎಂದು ಒಳಗೊಳಗೇ ಆಸೆಪಡದವನೂ ಇರಲಿಲ್ಲ.

ಅದಕ್ಕೆ ಕಾರಣವಿದೆ. ನಮ್ಮ ಮದುವೆಗಳಲ್ಲಿ ಬೀಗರು ಎಲೆಯ ಮುಂದೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಅವರನ್ನು ಹಾಡಿನಲ್ಲಿ ಬೈಯುತ್ತಾರೆ. ಬೀಗನ ಬೊಜ್ಜು, ಬೀಗತಿಯ ಜಂಬ, ಮದುಮಗನ ಚಿಕ್ಕಪ್ಪನ ಬೋಳುತಲೆ, ಯಾವುದನ್ನೂ ಬಿಡುವಂತಿಲ್ಲ. ಗಂಡಿನ ಕಡೆಯವರು ತಿರುಗಿ ಹಾಡುತ್ತಾರೆ. ಕೊನೆಗೆ ಹಾಡಿದವಳು ಎದ್ದು ಹೋಗಿ ಬೈಸಿಕೊಂಡವರ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿದರೆ ಅಲ್ಲಿಗೆ ಮುಗಿಯಿತು. ರಾಮಕ್ಕ ಹೆಸರು ಹಿಡಿದು ಹಾಡಿದಳೆಂದರೆ ಆ ಮನುಷ್ಯನಿಗೆ ನೆಂಟಸ್ತನದಲ್ಲಿ ಗಟ್ಟಿ ಜಾಗ ಸಿಕ್ಕಿತು ಎಂದೇ ಅರ್ಥ. ಅವಳು ಹೆಸರೆತ್ತದೆ ಬಿಟ್ಟ ಮೇಚೇರಿಯ ಬೀಗನೊಬ್ಬ, ನಾನೇನು ಲೆಕ್ಕಕ್ಕಿಲ್ಲವಾ ಎಂದು ಮುನಿಸಿಕೊಂಡು ಪಾಯಸ ಮುಟ್ಟದೆ ಎದ್ದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಹಾಡು ಬಿಟ್ಟರೆ ಅವಳದು ಯಾರೂ ಕೂತು ಹೇಳುವಂಥ ಬದುಕಲ್ಲ. ಹದಿನೇಳಕ್ಕೆ ಮದುವೆ. ಗಂಡ ಕೃಷ್ಣಪ್ಪ ನೇಯುತ್ತಿದ್ದ, ಇವಳು ಪಕ್ಕದಲ್ಲಿ ರಾಟೆ ಇಟ್ಟುಕೊಂಡು ಅವನ ಲಾಳಿಯ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ದೊಡ್ಡಪ್ಪ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಆ ಮೌನಕ್ಕೆ ಬೇಸತ್ತೇ ತನಗೆ ಹಾಡು ಹುಟ್ಟಿತು ಎಂದು ರಾಮಕ್ಕ ಹೇಳುತ್ತಿದ್ದಳು. ಹಾಡಿನ ಕೊನೆಯ ಸಾಲು ಬರುವ ಹೊತ್ತಿಗೆ ಅವನು ಮಗ್ಗ ನಿಲ್ಲಿಸಿ ಕಿವಿಗೊಡುತ್ತಿದ್ದ. ನಗುತ್ತಿರಲಿಲ್ಲ, ಮಗ್ಗ ನಿಲ್ಲಿಸುತ್ತಿದ್ದ. ಅವಳಿಗೆ ಅಷ್ಟು ಸಾಕಿತ್ತು. ನಾನು ಆರನೇ ಕ್ಲಾಸಿನಲ್ಲಿದ್ದಾಗ ನನ್ನ ತಾಯಿ ತೀರಿಕೊಂಡಳು. ಅವತ್ತಿನಿಂದ ನನ್ನ ಊಟದ ತಟ್ಟೆ ಆ ಮನೆಯಲ್ಲೇ. ದೊಡ್ಡಪ್ಪ ಸತ್ತು, ಮಗ್ಗ ಬಿಚ್ಚಿ, ಅವಳು ಪಕ್ಕದ ಪವರ್‌ಲೂಮಿನವರಿಗೆ ನೂಲು ಸುತ್ತಲು ಹೋಗತೊಡಗಿದ ಮೇಲೂ ನನ್ನ ತಟ್ಟೆ ಬೇರೆ ಕಡೆ ಹೋಗಲಿಲ್ಲ. ಇಂಥವಳಿಗೆ ನಾನು ಮಾಡಿದ್ದನ್ನು ಹೇಳಲು ಕೂತಿದ್ದೇನೆ.

ನನ್ನ ಹೆಸರು ಪ್ರಭು. ಎಡಪ್ಪಾಡಿ ಬಸ್‌ಸ್ಟ್ಯಾಂಡ್ ಹತ್ತಿರ ಸ್ಟುಡಿಯೊ ಇಟ್ಟಿದ್ದೇನೆ. ಸೇಲಂ, ಧರ್ಮಪುರಿ, ಮೊರಪ್ಪೂರಿನ ತನಕ ನಮ್ಮ ಜನರ ಮದುವೆಗಳಿಗೆ ವಿಡಿಯೊ ತೆಗೆಯುವವನು ನಾನೇ. ಬೇರೆಯವರು ತೆಗೆದರೆ ಬೀಗರ ಹಾಡು ಬಂದಾಗ ಕ್ಯಾಮೆರಾ ಆಫ್ ಮಾಡಿ ಊಟಕ್ಕೆ ಹೋಗಿಬಿಡುತ್ತಾರೆ. ನಾನು ಮಾತ್ರ ಬೈಯುವವಳ ಮುಖವನ್ನೂ ಬೈಸಿಕೊಳ್ಳುವವನ ಮುಖವನ್ನೂ ಬಿಡದೆ ಹಿಡಿಯುತ್ತಿದ್ದೆ. ನನ್ನ ಅನ್ನ ಇರುವುದೇ ನಮ್ಮ ಜನ ನನ್ನ ಮೇಲಿಟ್ಟ ಆ ನಂಬಿಕೆಯಲ್ಲಿ.

ರಾಮಕ್ಕನ ಒಬ್ಬಳೇ ಮಗಳು ಮೀನಾಳನ್ನು ಸೇಲಂ ಅಮ್ಮಾಪೇಟೆಯ ಸೆಂದಿಲ್‌ಕುಮಾರನಿಗೆ ಕೊಟ್ಟರು. ಹುಡುಗ ನೂಲಿನ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅವನ ತಂದೆ ಗೋವಿಂದಪ್ಪ ರೇಷ್ಮೆ ಪಂಚೆ ನೇಯುವುದರಲ್ಲಿ ಗಟ್ಟಿಗ, ಕುಡಿಯುವುದರಲ್ಲಿ ಇನ್ನೂ ಗಟ್ಟಿಗ. ಒಮ್ಮೆ ಕುಡಿದು ಬಂದು, ಕಾಲು ಇಳಿಬಿಡುವ ಮಗ್ಗದ ಗುಂಡಿಯೊಳಗೆ ಬಿದ್ದು ಬೆಳಗಿನ ತನಕ ಅಲ್ಲೇ ನಿದ್ದೆ ಹೊಡೆದಿದ್ದ. ಅದು ಇಡೀ ಅಮ್ಮಾಪೇಟೆಗೆ ಗೊತ್ತಿತ್ತು. ರಾಮಕ್ಕ ಬಿಡುತ್ತಾಳೆಯೇ? ಬೀಗರ ಊಟದಲ್ಲಿ ತೊಡೆ ತಟ್ಟಿ ಶುರು ಮಾಡಿದಳು.

"ಬಾಯಾರಿ ಬಂದವ್ರೆ ನಮ್ಮ ಬೀಗರು ತಾಯವ್ವ
ಬಿಂದ್ಗೇಲಿ ನೀರ್ ಕೊಟ್ರೆ ಬ್ಯಾಡ ಅಂತವ್ರೆ
ಬಾಟ್ಲೀಯ ತೋರ್ಸಿದ್ರೆ ಕೈಯ ಮುಗಿತವ್ರೆ
ನಮ್ ಬೀಗ ಗೋವಿಂದಪ್ಪ ಗುಂಡೀಲಿ ಮಲಗವ್ರೆ"

ಪಂಗ್ತಿಗೆ ಪಂಗ್ತಿಯೇ ನಕ್ಕಿತು. ಗೋವಿಂದಪ್ಪ ಎಲೆಯಿಂದ ಎದ್ದು, ಸಾರು ಸುರಿಯುತ್ತಿದ್ದ ಕೈಯನ್ನೇ ಜೋಡಿಸಿ ರಾಮಕ್ಕನಿಗೆ ಮುಗಿದ. ಅವನ ಹೆಂಡತಿ ಶಾರದ ಸುಮ್ಮನಿರುವ ಹೆಂಗಸಲ್ಲ. "ರಾಮಕ್ಕನ್ ಬಾಯ್ಗೆ ರಾಟೆ ಕಟ್ಟವ್ರೆ, ನೂಲು ಮುಗುದ್ರೂವೆ ನಿಲ್ಲಾಕಿಲ್ಲವ್ವ" ಎಂದು ಅಲ್ಲೇ ಕಟ್ಟಿ ಹಾಡಿದಳು. ರಾಮಕ್ಕನಿಗೆ ತಕ್ಕ ಬೀಗತಿ ಸಿಕ್ಕಿದ್ದು ಆವತ್ತು. ಆಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡಿದರೆ ಪಕ್ಕದ ಮನೆಯವರು ಜಗಳ ಬಿಡಿಸಲು ಬರಬೇಕು, ಅಷ್ಟು ಜೋರು ಪ್ರೀತಿ. ಆ ಹಾಡಿನ ತುಣುಕನ್ನು ನಾನು ಸ್ಟುಡಿಯೊದ ಪೇಜಿಗೆ ಹಾಕಿದೆ. ಸಾವಿರಾರು ಜನ ನೋಡಿದರು.

ಮೂರು ವರ್ಷ ಕಳೆದ ಮೇಲೆ ಗೋವಿಂದಪ್ಪ ತೀರಿಕೊಂಡ. ಕುಡಿತವೇ ಅವನ ಮೈಯನ್ನು ಈರುಳ್ಳಿಯಂತೆ ಸಿಪ್ಪೆ ಸಿಪ್ಪೆಯಾಗಿ ಸುಲಿದುಹಾಕಿತ್ತು. ರಾಮಕ್ಕ ಹನ್ನೊಂದು ದಿನ ಅಮ್ಮಾಪೇಟೆಯಲ್ಲೇ ಇದ್ದು ಶಾರದಳ ಬಾಯಿಗೆ ಅನ್ನವಿಟ್ಟು ಉಣಿಸಿ ಬಂದಳು. ಬಂದವಳು ನನ್ನ ಅಂಗಡಿ ಮೆಟ್ಟಿಲಲ್ಲಿ ನಿಂತು ಹೇಳಿದ್ದು ಒಂದೇ ಮಾತು.

"ಆ ಹಾಡ್ನ ನಿನ್ ಪೇಜ್ನಿಂದ ತೆಗ್ದಾಕ್ಲಾ ಪ್ರಭು. ಸತ್ತೋರ ಮ್ಯಾಲೆ ಬೀಗರ ಹಾಡಿಲ್ಲ. ಅವ್ರು ತಿರುಗಿ ಬೈಯಾಕಾಗಾಕಿಲ್ಲ, ಸಕ್ರೆ ತಿನ್ನಾಕಾಗಾಕಿಲ್ಲ."

ತೆಗೆದೆ. ಅಷ್ಟು ಮಾತ್ರ ಮಾಡಿದೆ. ಆದರೆ ಅಷ್ಟರೊಳಗೆ ಅದನ್ನು ನೋಡಬೇಕಾದವನೊಬ್ಬ ನೋಡಿಬಿಟ್ಟಿದ್ದ.

ಅವನ ಹೆಸರು ಶರವಣಕುಮಾರ್. ಚೆನ್ನೈನ ಜಾಹೀರಾತು ಕಂಪನಿಯವನು. ಮಾರ್ಚ್ ತಿಂಗಳಲ್ಲಿ, ಕ್ರಿಕೆಟ್ ಪಂದ್ಯಗಳು ಶುರುವಾಗುವ ಮುಂಚೆ, ಕಾರು ಮಾಡಿಕೊಂಡು ಎಡಪ್ಪಾಡಿಗೇ ಬಂದ. ಸೇವಲ್ ಎಂಬ ಬಿಯರಿಗೆ ಜಾಹೀರಾತು ಮಾಡಬೇಕಂತೆ. ಸೇವಲ್ ಎಂದರೆ ತಮಿಳಿನಲ್ಲಿ ಹುಂಜ, ಬಾಟಲಿಯ ಮೇಲೂ ಕೆಂಪು ಹುಂಜದ ಚಿತ್ರ. ಬಿಯರು ಎಂದು ಟಿವಿಯಲ್ಲಿ ಹೇಳಲು ಕಾನೂನು ಬಿಡುವುದಿಲ್ಲ, ಆದ್ದರಿಂದ ಸೇವಲ್ ಸೋಡಾ ಎನ್ನುತ್ತಾರೆ. ಅದೇ ಹುಂಜ, ಅದೇ ಅಕ್ಷರ. ಸೋಡಾ ಕುಡಿಯಲು ಯಾರೂ ಹುಂಜ ಹುಡುಕಿಕೊಂಡು ಹೋಗುವುದಿಲ್ಲ ಎಂಬುದು ಕಾನೂನಿಗೂ ಗೊತ್ತು, ಕಂಪನಿಗೂ ಗೊತ್ತು.

ಅವನು ಕಥೆ ಹೇಳಿದ. ಒಂದು ಕಾಂಪೌಂಡ್ ಗೋಡೆ. ಈಚೆ ಹಳದಿ ಅಂಗಿ ಹಾಕಿದ ಚೆನ್ನೈ ಹುಡುಗರು, ಆಚೆ ಕೆಂಪು ಅಂಗಿ ಹಾಕಿದ ದೊಡ್ಡ ಹೊಟ್ಟೆ, ದಪ್ಪ ಮೀಸೆಯ ಕನ್ನಡದವನು. ಎರಡು ಮನೆಯಲ್ಲೂ ಮ್ಯಾಚು ಓಡುತ್ತಿದೆ. ಹುಡುಗರು ಗೋಡೆಯ ಮೇಲಿಂದ ಒಂದು ಬಿಂದಿಗೆ ನೀರು ಕೇಳುತ್ತಾರೆ. ಅವನು ಬಿಂದಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಮುಖ ತಿರುಗಿಸುತ್ತಾನೆ. ಹುಡುಗರು ಹುಂಜದ ಬಾಟಲಿ ತೋರಿಸುತ್ತಾರೆ. ಬಿಂದಿಗೆ ಎಸೆದು, ಗೋಡೆ ಹಾರಿ, ಕೈಮುಗಿದುಕೊಂಡು ಓಡಿ ಬರುತ್ತಾನೆ. ಹಿಂದೆ ಕನ್ನಡದ ಅಜ್ಜಿಯೊಬ್ಬಳ ಹಾಡು, ಕೆಳಗೆ ತಮಿಳಿನಲ್ಲಿ ಅರ್ಥ. ಕೊನೆಗೆ ದಪ್ಪ ದನಿಯಲ್ಲಿ, "ತಣ್ಣಿ ತರಲೈಯಾ? ಪರವಾಯಿಲ್ಲೈ. ಸೇವಲ್ ಇರುಕ್ಕು." ನೀರು ಕೊಡುವುದಿಲ್ಲವಾ, ಚಿಂತೆಯಿಲ್ಲ, ಸೇವಲ್ ಇದೆ.

ನಾನು ಬಿದ್ದು ಬಿದ್ದು ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ನಕ್ಕದ್ದು ನಿಜ. ನಾವು ಶಾಲೆಯಲ್ಲಿ ಕನ್ನಡಕ್ಕಾರ ಎನಿಸಿಕೊಂಡವರು, ಕೊಳ್ಳೇಗಾಲದ ನೆಂಟರ ಮನೆಗೆ ಹೋದರೆ ತಮಿಳರು ಎನಿಸಿಕೊಂಡವರು. ನದಿ ಜಗಳ ಬಂದಾಗಲೆಲ್ಲ ಬಸ್ಸಿನಲ್ಲಿ ಬಾಯಿ ಮುಚ್ಚಿ ಕೂತು ಅಭ್ಯಾಸವಾದವರು. ಅಂಥ ನಮ್ಮ ಮನೆಯ ಹಾಡು ಟಿವಿಯಲ್ಲಿ ಬರುತ್ತದೆ ಎಂದರೆ ನನಗೆ ಕೋಡು ಮೂಡಿತು. ದುಡ್ಡಿನಾಸೆಗಿಂತ ಹೆಚ್ಚಾಗಿ, ಚೆನ್ನೈನವನೊಬ್ಬ ನನ್ನನ್ನು ಸಾರ್ ಎಂದು ಕರೆದದ್ದೇ ತಲೆಗೇರಿತು.

ರಾಮಕ್ಕನನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ರಾಟೆ ನಿಲ್ಲಿಸದೆಯೇ ಕೇಳಿದಳು.

"ಯಾರ್ ಮದ್ವೇಲಾ?"

"ಮದ್ವೆ ಅಲ್ಲ ದೊಡ್ಡವ್ವ. ಟಿವೀಗೆ. ಸೋಡಾ ವಿಳಂಬರ." ಜಾಹೀರಾತಿಗೆ ನಾವು ತಮಿಳಿನಂತೆ ವಿಳಂಬರ ಎನ್ನುತ್ತೇವೆ.

"ಸೋಡಾ ಬಾಟ್ಲಿಗೆ ಯಾಕ್ಲಾ ಉಂಜದ ಪಟ? ನಂಗೇನ್ ಕಣ್ ಕಾಣಾಕಿಲ್ವಾ? ಓಗ್ಲಿ. ಯಾರ್ ಮ್ಯಾಲೆ ಹಾಡ್ಬೇಕು?"

"ಕರ್ನಾಟಕದವ್ರ ಮ್ಯಾಲೆ. ತಮಿಳ್ನಾಡವ್ರು ಹಾಡ್ದಂಗೆ."

ಈಗ ರಾಟೆ ನಿಂತಿತು. "ಅವ್ರಿಗೂ ಇವ್ರಿಗೂ ಎಣ್ ಕೊಟ್ಟು ತಂದು ಐತಾ? ಬೀಗಸ್ತನ ಇಲ್ದೋರ್ನ ಬೈಯಾಕೆ ಯಾರ್ಲಾ ನಾವು? ಅದು ಹಾಡಲ್ಲ, ಬೈಗುಳ."

ಆಮೇಲೆ ಅವಳೇ ಕಡಿದ ನೂಲಿಗೆ ಗಂಟು ಹಾಕುತ್ತ ತುಟಿ ಅಂಚಿನಲ್ಲಿ ನಕ್ಕಳು.

"ಕಾವೇರಿ ಆ ಕಡೆ ಉಟ್ಟಿ ಈ ಕಡೆಗೆ ಬಂದೋಳಲ್ವಾ? ಅವ್ಳು ಎಣ್ಣಲ್ವಾ? ಮೇಟೂರ್ನಾಗೆ ಬಂದು ಸಂಸಾರ ಮಾಡ್ತಾವ್ಳೆ. ಸರಿ ಬುಡು, ಬೀಗರೇ ಆದ್ರು. ತವರ್ನೋರು ಮಗಳ್ನ ಕಳ್ಸಾಕಿಲ್ಲ ಅಂತ ವರ್ಸಾ ವರ್ಸಾ ತಕ್ರಾರು ತೆಗೀತಾರೆ, ಬೈಸ್ಕಳ್ಲಿ. ಆದ್ರೆ ಅವ್ರು ತಿರುಗಿ ಹಾಡೋದ್ನೂ ಆಕ್ಬೇಕು. ಕಡೇಗೆ ಸಕ್ರೆ ಆಕೋದೂ ತೋರಿಸ್ಬೇಕು."

"ಎಲ್ಲಾ ತೋರುಸ್ತಾರೆ" ಎಂದೆ. ಶರವಣಕುಮಾರನನ್ನು ಕೇಳಲೂ ಇಲ್ಲ.

"ಇನ್ನೊಂದು. ಗೋವಿಂದಪ್ಪಣ್ಣನ ಎಸ್ರು ನನ್ ಬಾಯಾಗೆ ಬರಾಕಿಲ್ಲ."

ಅದಕ್ಕೂ ಹ್ಞೂಂ ಎಂದೆ. ಸ್ಟುಡಿಯೊದಲ್ಲಿ ಕಂಬಳಿ ಕಟ್ಟಿ ಸದ್ದು ತಡೆದು ಹಾಡಿಸಿದೆವು. ಬೀದಿಯ ಐದಾರು ಹೆಂಗಸರು ಸೊಲ್ಲು ಹಿಡಿದರು. ಗೋವಿಂದಪ್ಪ ಬರುವ ಕಡೆ ರಾಮಕ್ಕ ಮುನಿಯಪ್ಪ ಎಂದು ಹಾಡಿದಳು. ಮುನಿಯಪ್ಪ ಎಂದರೆ ಊರ ಗಡಿಯ ದೇವರು. ನಮ್ಮ ಕಡೆ ಅವನಿಗೆ ಚುಟ್ಟ, ಸಾರಾಯಿಯೇ ನೈವೇದ್ಯ. ಕುಡುಕ ಎಂದರೆ ಬೇಜಾರು ಮಾಡಿಕೊಳ್ಳದವನು ಅವನೊಬ್ಬನೇ ಎಂದು ಅವಳ ಲೆಕ್ಕ. ಅವಳು ಎಷ್ಟು ಯೋಚನೆ ಮಾಡಿ ಆ ಹೆಸರು ಹುಡುಕಿದ್ದಳು ಎಂಬುದು ನನಗೆ ಆಗ ಹೊಳೆಯಲಿಲ್ಲ.

ನಾಲ್ಕು ದಿನಕ್ಕೆ ಶರವಣಕುಮಾರ್ ಫೋನ್ ಮಾಡಿದ. ಹಾಡು ಸೂಪರ್, ಆದರೆ ಮುನಿಯಪ್ಪ ಸಾಮಿ ಹೆಸರು ಬೇಡವೇ ಬೇಡ, ದೇವರನ್ನು ಬಿಯರಿಗೆ ಎಳೆದರೆ ಕಂಪನಿ ಬಾಗಿಲು ಮುರಿಯುತ್ತಾರೆ, ಸಂಜೆಯೊಳಗೆ ಬೇರೆ ಹೆಸರು ಕೂರಿಸಿ ಕಳಿಸಿ ಎಂದ. ರಾಮಕ್ಕ ಆವತ್ತು ಮೇಚೇರಿಯಲ್ಲಿ ಯಾರದೋ ಸೀಮಂತಕ್ಕೆ ಹೋಗಿದ್ದಳು. ಫೋನ್ ಮಾಡಿದರೆ ಬರುತ್ತಿದ್ದಳು. ಎರಡು ಗಂಟೆಯ ದಾರಿಯೂ ಅಲ್ಲ. ನಾನು ಮಾಡಲಿಲ್ಲ. ಮದುವೆಯ ವಿಡಿಯೊ ಕಂಪ್ಯೂಟರಿನಲ್ಲೇ ಇತ್ತು. ಅದೇ ರಾಗ, ಅದೇ ಗಂಟಲು, ಅದೇ ಜಾಗ. ಗೋವಿಂದಪ್ಪ ಎಂಬ ನಾಲ್ಕು ಅಕ್ಷರವನ್ನು ಅಲ್ಲಿಂದ ಕತ್ತರಿಸಿ ಇಲ್ಲಿ ಕೂರಿಸಿದೆ. ಅರ್ಧ ಗಂಟೆಯ ಕೆಲಸ. ಗಂಟು ಕಾಣದ ಹಾಗೆ ಬೆಸೆದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಲೋಕದಲ್ಲಿ ಗೋವಿಂದಪ್ಪಂದಿರು ಎಷ್ಟಿಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ದೇವರಾದರೆ ಬಾಗಿಲು ಮುರಿಯಲು ಜನ ಇದ್ದಾರೆ. ಸತ್ತ ನೇಕಾರನಿಗೆ ಯಾರಿದ್ದಾರೆ? ಇದನ್ನು ನಾನು ಆಗ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಒಳಗೆ ಇದ್ದದ್ದು ಮಾತ್ರ ಇದೇ.

ಜಾಹೀರಾತು ಬಂತು. ಮೊದಲ ಮ್ಯಾಚಿನ ಓವರ್ ಓವರಿಗೂ ಬಂತು. ತಿರುಗಿ ಹಾಡುವುದನ್ನು ಕತ್ತರಿಸಿದ್ದರು, ಸಕ್ಕರೆಯ ಮಾತೇ ಇಲ್ಲ. ಹದಿನೈದು ದಿನದಲ್ಲಿ ಸೇಲಂ ಜಿಲ್ಲೆಯ ತುಂಬ ಗೋವಿಂದಪ್ಪ ಎಂದರೆ ಕನ್ನಡದವನು ಎಂದಾಯಿತು. ಟೀ ಅಂಗಡಿಯಲ್ಲಿ, ಟಾಸ್ಮಾಕ್ ಹೆಂಡದಂಗಡಿ ಮುಂದೆ, ಟೌನ್ ಬಸ್ಸಿನಲ್ಲಿ, ಎಲ್ಲೆಲ್ಲೂ "ಎನ್ನ ಗೋವಿಂದಪ್ಪಾ, ತಣ್ಣಿ ವೇಣುಮಾ?" ಏನು ಗೋವಿಂದಪ್ಪ, ನೀರು ಬೇಕಾ ಎಂದು. ಬೆಂಗಳೂರಿನ ಇನ್ನೊಂದು ಬಿಯರಿನವರು ರೋಷಗೊಂಡು, ಕೈಲಾಗದೆ ಸೋತು ಅಳುವ ತಮಿಳು ಮಾಮನನ್ನು ಇಟ್ಟು ಮರುಜಾಹೀರಾತು ಬಿಟ್ಟರು. ಇವರು ನಮ್ಮ ಮಾನ ಎಂದರು, ಅವರು ನಮ್ಮ ಮಾನ ಎಂದರು. ಎರಡು ಹುಂಜವನ್ನೂ ಸಾಕುವ ಯಜಮಾನ ಒಬ್ಬನೇ ಎಂದು ಶರವಣಕುಮಾರ್ ಒಂದು ದಿನ ನಗುತ್ತ ಹೇಳಿದ. ಎರಡೂ ಕಡೆ ಬಿಯರು ಮಾತ್ರ ಚೆನ್ನಾಗಿ ಖರ್ಚಾಯಿತಂತೆ.

ರಾಮಕ್ಕನ ಮನೆಯಲ್ಲಿ ಟಿವಿ ಕೆಟ್ಟು ವರ್ಷವಾಗಿತ್ತು. ಪಕ್ಕದ ಪಳನಿಯಮ್ಮನ ಮನೆಯಲ್ಲಿ ನೋಡಿದಳು. ನೋಡಿದವಳು ನೇರ ನನ್ನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತಳು.

"ಅದು ನನ್ ಬಾಯೇ. ಆದ್ರೆ ನಾ ಅಂದಿಲ್ಲ" ಎಂದಳು. "ಎಂಗೆ ಬಂತ್ಲಾ?"

ಹೇಳಿದೆ. ಅವಳ ಮುಂದೆ ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕಾದೆ. ಮೂರು ತಾಲ್ಲೂಕಿನ ಗಂಡಸರನ್ನು ಬೈದ ಬಾಯಿ ನನಗೊಂದು ಮಾತು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಶಾರದ ಕೇಳಿರ್ತಾಳೆ" ಎಂದಷ್ಟೇ ಅಂದಳು. "ನಾಳೀಕ್ ಓಗಾವ. ನೀನೂ ಬಾ."

ಮರುದಿನ ಬೆಳಗ್ಗೆ ಬಸ್ಸು ಹತ್ತಿದೆವು. ರಾಮಕ್ಕನ ಮಡಿಲಲ್ಲಿ ಕಾಗದದಲ್ಲಿ ಕಟ್ಟಿದ ಸಕ್ಕರೆ ಇತ್ತು. ದಾರಿಯುದ್ದಕ್ಕೂ ನಾನು ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ತಪ್ಪು ನನ್ನದು ಶಾರದಕ್ಕ, ದೊಡ್ಡವ್ವ ಆ ಹೆಸರು ಹಾಡೇ ಇಲ್ಲ, ನಾನು ಕತ್ತರಿಸಿ ಕೂರಿಸಿದ್ದು. ಇಷ್ಟೇ. ಒಂದು ಉಸಿರಿನಲ್ಲಿ ಮುಗಿಯುವ ಮಾತು.

ಅಮ್ಮಾಪೇಟೆಯ ಮನೆಯಲ್ಲಿ ಮೀನಾ ಏಳು ತಿಂಗಳ ಬಸುರಿ, ಗೋಡೆಗೊರಗಿ ಕೂತಿದ್ದಳು. ನಮ್ಮನ್ನು ಕಂಡು ಎದ್ದಳು, ನಗಲಿಲ್ಲ. ಸೆಂದಿಲ್ ಕೆಲಸಕ್ಕೆ ಹೋಗದೆ ಮನೆಯಲ್ಲೇ ಇದ್ದ. ನೂಲಿನ ಅಂಗಡಿಯಲ್ಲಿ ಎಲ್ಲ ಕನ್ನಡದವರನ್ನೂ ಗೋವಿಂದಪ್ಪ ಎಂದು ಕರೆದಂತೆ ಅವನನ್ನೂ ಕರೆದಿದ್ದರು. ಅವರಿಗೆ ತಮಾಷೆ, ಇವನಿಗೆ ಅಪ್ಪ. ಒಬ್ಬನ ಕೆನ್ನೆಗೆ ಹೊಡೆದು ಬಂದು ಕೂತಿದ್ದ. ಶಾರದಕ್ಕ ಒಳಗಿನಿಂದ ಎರಡು ಲೋಟ ನೀರು ತಂದು ನಮ್ಮ ಮುಂದೆ ಇಟ್ಟು, ಎದುರಿಗೆ ಕೂತಳು.

"ಕೇಳ್ದೆ" ಎಂದಳು. "ಮೊದ್ಲು ಸಂತೋಸ ಆಯ್ತು, ನಮ್ ರಾಮಕ್ಕನ್ ದನಿ ಟಿವೀಲಿ ಅಂತ. ಅಕ್ಕಪಕ್ಕದೋರ್ನೆಲ್ಲ ಕೂಗ್ಬಿಟ್ಟೆ, ಬನ್ರೇ ಬನ್ರೇ ಅಂತ. ಎಲ್ರೂ ಬಂದ್ ನಿಂತವ್ರೆ, ಆವಾಗ ಬಂತು ಅವ್ರ ಎಸ್ರು."

ಮೀನಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಗಂಡಾದ್ರೆ ಇವ್ನಪ್ಪನ್ ಎಸ್ರೇ ಇಕ್ಕೋದು ಅಂತ ಇದ್ವಿ" ಎಂದು ಶಾರದಕ್ಕ ಮಗನ ಕಡೆ ನೋಡಿದಳು. "ಈಗ ಇವ್ನು ಬ್ಯಾಡ ಅಂತಾನೆ. ನಾಳೀಕ್ ಸ್ಕೂಲ್ನಾಗೆ ಮಗೀನ ಏನಂತಾ ಕೂಗ್ತಾರೆ? ಅವ್ರು ಕುಡ್ದು ಸತ್ರು, ಉಳ್ದಿದ್ದು ಒಂದ್ ಎಸ್ರು. ಅದೂ ಓಯ್ತು. ನೀನೇ ನಂಗೆ ಅನ್ನ ತಿನ್ಸಿದ್ಯಲ್ಲ ರಾಮಕ್ಕ, ಸತ್ತೋರ ಎಸ್ರು ಎಂಗ್ ಬಂತು ನಿನ್ ಬಾಯಿಗೆ?"

ಇದೇ ಆ ಗಳಿಗೆ. ನಾನು ಬಾಯಿ ತೆರೆಯಬೇಕಾಗಿತ್ತು. ಅದರ ಬದಲು ಲೋಟ ಎತ್ತಿ ನೀರು ಕುಡಿದೆ. ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ರಾಮಕ್ಕ ನನ್ನ ಕಡೆ ತಿರುಗಿಯೂ ನೋಡದೆ ಹೇಳಿಬಿಟ್ಟಿದ್ದಳು.

"ಬಂದ್ಬುಡ್ತು ಶಾರದ. ಹಾಡೋ ಉರುಪ್ನಾಗೆ ಹಳೇ ಸಾಲೇ ಬಂದ್ಬುಡ್ತು. ನಂದೇ ತಪ್ಪು."

ಅವಳು ಕಾಗದ ಬಿಚ್ಚಿ, ಸಕ್ಕರೆ ಹಿಡಿದು ಕೈ ಮುಂದೆ ಚಾಚಿದಳು. "ಬೈಯಿ ನನ್ನ. ಬಾಯ್ ತುಂಬಾ ಬೈದ್ಬುಡು" ಎಂದಳು. ಶಾರದಕ್ಕ ಬೈಯಲಿಲ್ಲ. ಸಕ್ಕರೆಗೆ ಬಾಯಿ ತೆರೆಯಲೂ ಇಲ್ಲ. ಊಟ ಮಾಡಿ ಹೋಗಿ ಎಂದು ಎದ್ದು ಒಳಗೆ ಹೋದಳು. ಊಟ ಮಾಡಿದೆವು. ಬಡಿಸುವಾಗ ಉಪ್ಪು ಬೇಕಾ ಎಂದು ಕೇಳಿದಳು, ಸಾರು ಬೇಕಾ ಎಂದು ಕೇಳಿದಳು. ಬೀಗತಿಯನ್ನು ಕೀಟಲೆ ಮಾಡದೆ ಆ ಮನೆಯಲ್ಲಿ ಯಾರೂ ಒಂದು ತುತ್ತು ಬಡಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಬಸ್ಸಿನಲ್ಲಿ ನಾನು ಅತ್ತೆ. ಪಕ್ಕದವರು ನೋಡಿದರೂ ಅತ್ತೆ. "ವಾಪಸ್ ಓಗಿ ಏಳ್ಬುಡ್ತೀನಿ ದೊಡ್ಡವ್ವ" ಎಂದೆ.

"ಏನಂತ ಏಳ್ತೀಯಾ? ಮದ್ವೆ ವಿಡಿಯೋದಾಗಿಂದ ಸತ್ತೋನ ಎಸ್ರ ಕಿತ್ತು ಬಿಯರ್ನೋನಿಗೆ ಕೊಟ್ಟೆ ಅಂತಲಾ? ಆಮೇಲೆ ನಮ್ ಜನ ಯಾರ್ಲಾ ನಿನ್ ಕ್ಯಾಮೆರಾನ ಮದ್ವೆ ಮನೆ ಒಳೀಕ್ ಬಿಟ್ಕಂತಾರೆ? ನಿನ್ ಎಂಡ್ರು, ಮಕ್ಳು ಏನ್ ತಿಂತಾರೆ? ನಂಗೇನು, ಹಾಡ್ದೆ ಇದ್ರೆ ಅನ್ನ ಇಳ್ಯಾಕಿಲ್ವಾ? ಇಳೀತೈತೆ. ಸುಮ್ಕಿರು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂದು ಗಾದೆ. ನಮ್ಮಲ್ಲಿ ಎಮ್ಮೆ ತಾನಾಗಿ ಬಂದು ಬೆನ್ನು ಕೊಟ್ಟಿತು, ಎತ್ತು ಸುಮ್ಮನೆ ಮೇಯುತ್ತಾ ನಿಂತಿತು. ಅವಳು ಸುಮ್ಕಿರು ಎಂದಳು, ನಾನು ಸುಮ್ಮನಿದ್ದೆ. ಅವಳ ಮಾತು ಮೀರಬಾರದೆಂದು ಸುಮ್ಮನಿದ್ದೆನೆಂದು ನನಗೆ ನಾನೇ ಹೇಳಿಕೊಂಡೆ. ಅದು ಶುದ್ಧ ಸುಳ್ಳು. ಅವಳು ಸುಮ್ಕಿರು ಎಂದಾಗ ನನ್ನ ಎದೆ ಹಗುರಾಯಿತು.

ಮೀನಾಳಿಗೆ ಗಂಡುಮಗುವಾಯಿತು. ಹೆಸರಿಡುವ ದಿನ ಶಾಸ್ತ್ರದ ವಿಡಿಯೊ ತೆಗೆಯಲು ನನ್ನನ್ನೇ ಕರೆದರು. ತೊಟ್ಟಿಲ ಹತ್ತಿರ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಅಜ್ಜಿ. ಶಾರದಕ್ಕ ಬಗ್ಗಿದಳು. ರಘುನಾಥ ಎಂದಳು. ಮೂರು ಸಲ ಹೇಳಬೇಕು, ಮೂರನೆಯ ಸಲಕ್ಕೆ ದನಿ ಹೊರಡಲಿಲ್ಲ. ಅದನ್ನೂ ನಾನು ಕ್ಯಾಮೆರಾದಲ್ಲಿ ಹಿಡಿದೆ. ಅದು ನನ್ನ ಕೆಲಸ.

ಊಟಕ್ಕೆ ಕೂತಾಗ ಅಮ್ಮಾಪೇಟೆಯ ಹೆಂಗಸರು ಹಾಡಲು ಶುರು ಮಾಡಿದರು. ಆ ಕಡೆಯ ಸತ್ಯಾ ಎಂಬ ಹೆಂಗಸು ಈಗ ಮುಂದಾಳು. ಎಡಪ್ಪಾಡಿಯಿಂದ ಬಂದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಎಳೆದರು. ಪಳನಿಯಮ್ಮನ ಗೊರಕೆ ಬಂತು, ರಾಜಗೋಪಾಲ್ ಮಾವನ ಬಣ್ಣ ಬಳಿದ ಕೂದಲು ಬಂತು. ನನ್ನ ಸರದಿಯೂ ಬಂತು. ಕ್ಯಾಮೆರಾ ಹಿಡಿದು ಅಡುಗೆಮನೆ ಕಡೆಗೇ ತಿರುಗುವ ಪ್ರಭುವಿನ ಹೊಟ್ಟೆಯ ಮೇಲೆ ನಾಲ್ಕು ಸಾಲು. ಎಲ್ಲರೂ ನಕ್ಕರು, ನಾನೂ ನಗಲೇಬೇಕಾಯಿತು. ರಾಮಕ್ಕನ ಹತ್ತಿರ ಬಂದಾಗ ಸತ್ಯಾ ಶಾರದಕ್ಕನ ಮುಖ ನೋಡಿದಳು. ಶಾರದಕ್ಕ ಎಲೆ ತುದಿಯ ಉಪ್ಪು ಸರಿಮಾಡುತ್ತಿದ್ದಳು. ಸತ್ಯಾ ರಾಮಕ್ಕನನ್ನು ದಾಟಿಕೊಂಡು ಪಕ್ಕದವಳ ಹೆಸರಿಗೆ ಹೋದಳು. ರಾಮಕ್ಕ ಅವರ ಹಾಡಿಗೆ ಕೊನೆಯ ತನಕ ಚಪ್ಪಾಳೆ ತಟ್ಟಿದಳು, ತಾಳ ಒಂದು ಕಡೆಯೂ ತಪ್ಪಲಿಲ್ಲ. ಆಮೇಲೆ ಸತ್ಯಾ ಬಂದು ನನ್ನ ಬಾಯಿಗೆ ಸಕ್ಕರೆ ಹಾಕಿದಳು. ನಾನು ಬಾಯಿ ತೆರೆದೆ. ತಿಂದೆ.

ಇದಾಗಿ ಎರಡು ವರ್ಷ. ಹುಂಜದ ಜಾಹೀರಾತು ಎಂದೋ ನಿಂತಿತು, ಈಗ ಬೇರೆ ಯಾರನ್ನೋ ನಗಿಸುತ್ತಿದ್ದಾರೆ. ರಾಮಕ್ಕ ನೂಲು ಸುತ್ತುತ್ತಾಳೆ. ಮದುವೆಗಳಿಗೆ ಬರುತ್ತಾಳೆ, ಹಿಂದಿನ ಸಾಲಿನಲ್ಲಿ ಕೂರುತ್ತಾಳೆ. ಹಾಡು ಎಂದರೆ ಗಂಟಲು ಸರಿಯಿಲ್ಲ ಎನ್ನುತ್ತಾಳೆ. ನನ್ನ ತಟ್ಟೆಗೆ ಬಡಿಸುವುದನ್ನು ನಿಲ್ಲಿಸಿಲ್ಲ.

ತಾಳವಾಡಿಯ ಮೇಷ್ಟ್ರೊಬ್ಬರ ಹತ್ತಿರ ನಾನು ಹೋದ ವರ್ಷ ಕನ್ನಡ ಅಕ್ಷರ ಕಲಿತೆ. ದೊಡ್ಡವ್ವನ ಹಾಡು ಬರೆದಿಡಲು ಎಂದು ಎಲ್ಲರಿಗೂ ಹೇಳಿದೆ, ಎಲ್ಲರೂ ಮೆಚ್ಚಿದರು. ನಮ್ಮಲ್ಲಿ ಯಾರಿಗೂ ಈ ಅಕ್ಷರ ಬರುವುದಿಲ್ಲ, ಓದು ಬರಹವೆಲ್ಲ ತಮಿಳಿನಲ್ಲೇ. ಹಾಡು ಒಂದೂ ಬರೆದಿಲ್ಲ. ಬರೆದದ್ದು ಇದೊಂದೇ. ತಮಿಳಿನಲ್ಲಿ ಬರೆದಿದ್ದರೆ ಶಾರದಕ್ಕ ಓದಿಬಿಡುತ್ತಿದ್ದಳು.